ಶಾಲಾ ಕಟ್ಟಡದ ಶಾಖದ ಲೆಕ್ಕದಲ್ಲಿ ನಮ್ಮ ಹುಡುಗಿಯರು

ನಮ್ಮ ಶಾಲೆಗೆ ಹೊಸದಾಗಿ ಕಟ್ಟಿಸಬೇಕೆಂದಿರುವ ಎರಡಂತಸ್ತಿನ ಕಟ್ಟಡದ ವಿಷಯವು ಈ ಸಂಚಿಕೆಯನ್ನು ಓದುವ ಪೂರ್ವ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಈಗಾಗಲೇ ತಿಳಿದಿರುವುದು. ಅದಕ್ಕಾಗಿ ಉದಾರ ಮನಸ್ಸಿನಿಂದ ಸಹಾಯ ಮಾಡಿದವರ ಹೆಸರುಗಳು ಬೇರೆ ಪುಟಗಳಲ್ಲಿವೆ. ಅವರಲ್ಲಿ ಅನೇಕರು ಕಾಗದ ಬರೆದು, 'ಹೊಸ ತರಗತಿಗಳಿಗೆಲ್ಲ ಹವಾನಿಯಂತ್ರಣ ಯಂತ್ರಗಳನ್ನು ಹಾಕಿಸುವಿರಷ್ಟೆ?' ಎಂದು ಕೇಳಿದ್ದಾರೆ. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಸಾಧ್ಯವಿಲ್ಲ. ಉತ್ತರವು ಒಂದು ಲೆಕ್ಕವನ್ನು ಅವಲಂಬಿಸಿದೆ. ಆ ಲೆಕ್ಕವು ತನ್ನೊಳಗಿನ ಒಂದು ಸಾಲನ್ನು ಬಹುಮಟ್ಟಿಗೆ ಅವಲಂಬಿಸಿದೆ. 'ಕಟ್ಟಡದಲ್ಲಿರುವ ಜನರು' ಎಂಬುದೇ ಆ ಸಾಲು. ಜನರೆಂದರೆ ಇಲ್ಲಿ ನಿಮ್ಮ ಮಕ್ಕಳು. ಆದುದರಿಂದ ಆ ಸಾಲಿನಲ್ಲಿ ಸಾಮಾನ್ಯವಾಗಿ ಏನನ್ನು ಬರೆಯುತ್ತಾರೆ, ಏನನ್ನು ಬರೆಯತಕ್ಕದ್ದು ಎಂಬುದನ್ನು ಕುರಿತು ನಮ್ಮ ಅಭಿಪ್ರಾಯವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸಬೇಕೆಂದಿದ್ದೇವೆ.

ಇತ್ತೀಚಿನ ಪದ್ಧತಿಯೇನೆಂದರೆ, ದೊಡ್ಡ ಕಟ್ಟಡವನ್ನು ಕಟ್ಟುವ ಮುನ್ನ ಇಂಜಿನಿಯರರು ಅದರ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ರಚಿಸುತ್ತಾರೆ. ಅನಂತರ ವರ್ಷದ ೮೭೬೦ ಗಂಟೆಗಳಲ್ಲಿ ಒಂದೊಂದು ಗಂಟೆಯಲ್ಲಿಯೂ ಯಾವ ಕೊಠಡಿಗೆ ಎಷ್ಟು ಶಾಖ ಬರುವುದು, ಎಷ್ಟು ಹೋಗುವುದು, ಉಳಿದುದನ್ನು ಹೊರದೂಡಲು ಎಷ್ಟು ವಿದ್ಯುಚ್ಛಕ್ತಿ ಬೇಕಾಗುವುದು ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ಶಕ್ತಿ ಇಲಾಖೆಯು ೨೦೦೧ರಲ್ಲಿ ಹೊರತಂದ ಎನರ್ಜಿಪ್ಲಸ್ ಎಂಬ ಸಾಧನವು ಈ ಕೆಲಸಕ್ಕೆ ಪ್ರಪಂಚದಲ್ಲೆಲ್ಲ ಬಳಕೆಯಾಗುತ್ತಿದೆ. ಮನೆಯ ಜಮಾಖರ್ಚಿನ ಪುಸ್ತಕವನ್ನು ಬರೆದಿಟ್ಟ ಯಾವ ಗೃಹಿಣಿಗಾದರೂ ಇದರ ತತ್ತ್ವವು ಸುಲಭವಾಗಿ ತಿಳಿಯುವುದು. ಜಮಾ ಪಕ್ಕದಲ್ಲಿ ಮಾಡು, ಗೋಡೆ, ಕಿಟಕಿಗಳ ಮೂಲಕ ಬರುವ ಬಿಸಿಲು. ದೀಪ ಮತ್ತು ಯಂತ್ರಗಳ ಕಾವು. ಹೊರಗಿನ ಗಾಳಿಯೊಡನೆ ಬರುವ ಸೆಕೆ. ಕೊನೆಯದಾಗಿ ಒಳಗೆ ಕುಳಿತಿರುವ ಮನುಷ್ಯರ ಮೈಯಿಂದ ಹೊರಡುವ ಶಾಖ.

ಇವುಗಳಲ್ಲಿ ಬಿಸಿಲಿನ ವಿಷಯವು ಬಹಳ ಚೆನ್ನಾಗಿ ಅಳೆಯಲ್ಪಟ್ಟಿದೆ. ನಮ್ಮ ದೇಶದಲ್ಲಿ ಆ ಕಾರ್ಯಕ್ಕೆ ಅಡಿಪಾಯ ಹಾಕಿದವರು ಒಬ್ಬ ಮಹಿಳೆ ಎಂಬುದನ್ನು ನಮ್ಮ ಹುಡುಗಿಯರು ನೆನಪಿಡಬೇಕು. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಕೈಕೆಳಗೆ ಸಂಶೋಧನೆ ಮಾಡಿ, ಮುಂದೆ ಹವಾಮಾನ ಇಲಾಖೆಯನ್ನು ಸೇರಿದ ಅನ್ನಾ ಮಣಿಯವರು ದೇಶದ ಉದ್ದಗಲಕ್ಕೂ ಸೂರ್ಯನ ಶಾಖವನ್ನು ಅಳೆಯುವ ಉಪಕರಣಗಳನ್ನು ಇರಿಸಿ, ೧೯೮೦ರಲ್ಲಿ ಅದರ ಅಂಕಿಅಂಶಗಳ ಕೈಪಿಡಿಯನ್ನು ಪ್ರಕಟಿಸಿದರು. ಸೂರ್ಯನ ಲೆಕ್ಕವು ಹೀಗೆ ನೆಲದ ಮೇಲೆ ನಿಂತು ಅಳೆದದ್ದು. ಮನುಷ್ಯರ ಸಾಲನ್ನಾದರೋ ಬಹುಮಂದಿ ಇಂಜಿನಿಯರರು ಪುಸ್ತಕದ ಕೋಷ್ಟಕವನ್ನು ನೋಡಿ ತುಂಬಿಬಿಡುತ್ತಾರೆ. ದೂರದ ಸೂರ್ಯನನ್ನು ಅಷ್ಟು ಶ್ರದ್ಧೆಯಿಂದ ಅಳೆದ ಮೇಲೆ ಹತ್ತಿರದ ಹುಡುಗಿಯನ್ನು ಊಹೆಗೆ ಬಿಡುವುದು ನಮಗೆ ಸರಿದೋರುವುದಿಲ್ಲ.

ಮನುಷ್ಯನ ಮೈಯು ಒಂದು ಸಣ್ಣ ಒಲೆಯೆಂಬುದು ಹೊಸ ಮಾತಲ್ಲ. ೧೭೮೨ರಿಂದ ೮೩ರವರೆಗಿನ ಚಳಿಗಾಲದಲ್ಲಿ ಪ್ಯಾರಿಸಿನಲ್ಲಿ ಲಾವಾಸಿಯೇ ಮತ್ತು ಲಾಪ್ಲಾಸ್ ಎಂಬ ಪಂಡಿತರಿಬ್ಬರು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಒಂದು ಗಿನಿಯಿಲಿಯನ್ನು ಇಟ್ಟು, ಅದರ ಮೈಕಾವಿನಿಂದ ಎಷ್ಟು ಮಂಜು ಕರಗಿ ನೀರಾಯಿತೆಂದು ತೂಗಿ ನೋಡಿದರು. ಉಸಿರಾಟವೆಂಬುದು ಮೆಲ್ಲಗೆ ಉರಿಯುವ ಬೆಂಕಿಯೇ ಎಂಬ ನಿರ್ಣಯಕ್ಕೆ ಬಂದರು. ಕೆಲವು ವರ್ಷಗಳ ಮೇಲೆ ಲಾವಾಸಿಯೇಯವರು ಮನುಷ್ಯರ ಉಸಿರಾಟವನ್ನೇ ಪರೀಕ್ಷಿಸಿದಾಗ ಅವರ ಪತ್ನಿ ಮರೀ ಆನ್ ಆ ಪ್ರಯೋಗಗಳ ಚಿತ್ರಗಳನ್ನು ಬರೆದಿದ್ದಾರೆ. ಮೇಜಿನ ಬಳಿ ಕುಳಿತು ಲೆಕ್ಕ ಬರೆದುಕೊಳ್ಳುತ್ತಿರುವ ತನ್ನನ್ನೂ ಚಿತ್ರದ ಒಂದು ಪಕ್ಕದಲ್ಲಿ ಬರೆದುಕೊಂಡಿದ್ದಾರೆ. ೧೮೯೦ರ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಅಟ್‌ವಾಟರ್ ಮತ್ತು ರೋಸಾ ಎಂಬವರು ಮನುಷ್ಯನೊಬ್ಬನು ದಿನಗಟ್ಟಲೆ ಒಳಗೇ ವಾಸಮಾಡಬಹುದಾದ ಪೆಟ್ಟಿಗೆಯಂಥ ಕೋಣೆಯನ್ನು ಕಟ್ಟಿ, ಅವನು ಉಂಡ ಅನ್ನದ ಬೆಲೆಯೂ ಅವನ ಮೈಯಿಂದ ಹೊರಟ ಶಾಖದ ಬೆಲೆಯೂ ಒಂದಕ್ಕೊಂದು ಸರಿಹೋಗುವುದನ್ನು ತೋರಿಸಿದರು.

ಈ ಕೊನೆಯ ಸಂಗತಿಯು ಅಡಿಗೆಮನೆಯನ್ನು ಬಲ್ಲ ನಮಗೆ ಬಹಳ ಪ್ರಯೋಜನಕರವಾದುದು. ದಿನಕ್ಕೆ ಸುಮಾರು ೨೦೦೦ ಕಿಲೋಕ್ಯಾಲರಿ ಆಹಾರವನ್ನು ಉಣ್ಣುವ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳಿರಿ. ಆ ಅನ್ನವೆಲ್ಲ, ಬೆಳವಣಿಗೆಗೆ ಹೋಗುವ ಅಲ್ಪ ಭಾಗದ ಹೊರತು, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಶಾಖವಾಗಿ ಹೊರಗೆ ಬರಲೇಬೇಕು. ಭಾಗಿಸಿ ನೋಡಿದರೆ ಸರಾಸರಿ ೯೭ ವಾಟ್ ಆಗುವುದು. ನಿದ್ರೆಯಲ್ಲಿ ಇದಕ್ಕಿಂತ ಬಹಳ ಕಡಿಮೆ. ಓಡಿಯಾಡುವಾಗ ಬಹಳ ಹೆಚ್ಚು. ಬೆಂಚಿನ ಮೇಲೆ ಕುಳಿತು ಬರೆಯುವಾಗ ಹೆಚ್ಚುಕಡಿಮೆ ಇಷ್ಟೇ. ಲಾವಾಸಿಯೇಯವರ ಮಂಜುಗಡ್ಡೆಯ ಭಾಷೆಯಲ್ಲಿ ಹೇಳುವುದಾದರೆ, ಸುಮ್ಮನೆ ಕುಳಿತು ಪಾಠ ಕೇಳುವ ಹುಡುಗಿಯೊಬ್ಬಳ ಮೈಕಾವು ಗಂಟೆಯೊಂದಕ್ಕೆ ಸುಮಾರು ಒಂದು ಕಿಲೋಗ್ರಾಂ ಮಂಜುಗಡ್ಡೆಯನ್ನು ನೀರುಮಾಡಬಲ್ಲದು. ಐವತ್ತು ಹುಡುಗಿಯರ ತರಗತಿಯು ಸುಮಾರು ಐವತ್ತು ಕಿಲೋಗ್ರಾಂ. ಹವಾನಿಯಂತ್ರಣ ಯಂತ್ರದ ಶಕ್ತಿಯನ್ನು ಅಂಗಡಿಯವರು 'ಟನ್' ಎಂದು ಹೇಳುವರಷ್ಟೆ. ಆ ಮಾತು ಕೂಡ ಮಂಜುಗಡ್ಡೆಯಿಂದ ಬಂದದ್ದೇ. ೨೦೦೦ ಪೌಂಡು ಮಂಜುಗಡ್ಡೆಯು ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖವೇ ಒಂದು ಟನ್, ಎಂದರೆ ಸುಮಾರು ೩೫೧೭ ವಾಟ್.

ಹಾಗಾದರೆ ಕೋಷ್ಟಕದಲ್ಲಿರುವ ಮನುಷ್ಯನು ಯಾರು? ಅವನು ಪ್ರಾಯಸ್ಥ ಗಂಡಸು. ಅವನ ಮೈಯ ಹೊರಮೈ ವಿಸ್ತೀರ್ಣವು ೧.೮ ಚದರ ಮೀಟರು. ನೆಮ್ಮದಿಯಾಗಿ ಕುಳಿತಿರುವಾಗ ಚದರ ಮೀಟರೊಂದಕ್ಕೆ ಸುಮಾರು ೫೮ ವಾಟ್, ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಕುಳಿತು ಕೆಲಸ ಮಾಡುವಾಗ ಸುಮಾರು ೭೦ ವಾಟ್ ಶಾಖವನ್ನು ಅವನು ಹೊರಡಿಸುವನೆಂದು ಇಂಜಿನಿಯರರು ಒಪ್ಪಿಕೊಂಡಿದ್ದಾರೆ. ಗುಣಿಸಿದರೆ ೧೨೬ ವಾಟ್. ಅಮೆರಿಕದ ಆಶ್ರೇ ಎಂಬ ಪ್ರಸಿದ್ಧ ಇಂಜಿನಿಯರರ ಸಂಘದ ಕೈಪಿಡಿಯು ಹೆಂಗಸನ್ನು ಗಂಡಸಿನ ನೂರಕ್ಕೆ ೮೫ ಎಂದೂ ಮಗುವನ್ನು ನೂರಕ್ಕೆ ೭೫ ಎಂದೂ ಎಣಿಸಬೇಕೆಂದು ಹೇಳುತ್ತದೆ. ಇದನ್ನು ಓದಿದ ನಮ್ಮ ಉಪಾಧ್ಯಾಯಿನಿಯರು ನಕ್ಕರು. ನಗುವ ಅಗತ್ಯವೇನೂ ಇಲ್ಲ. ಏನೂ ಎಣಿಸದಿರುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಈ ಸೂಚನೆಯು ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿರುವುದರಿಂದ ಅವಸರದವರು ಅದನ್ನು ದಾಟಿ ಹೋಗುವುದುಂಟು.

ಹೆಂಗಸರ ಲೆಕ್ಕವು ತಪ್ಪಿದರೆ ಏನಾಗುವುದೆಂಬುದನ್ನು ೨೦೧೫ರಲ್ಲಿ ನೆದರ್‌ಲೆಂಡ್ಸಿನ ಕಿಂಗ್ಮಾ ಮತ್ತು ವಾನ್ ಮಾರ್ಕೆನ್ ಲಿಕ್ಟೆನ್‌ಬೆಲ್ಟ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಹದಿನಾರು ಮಂದಿ ತರುಣಿಯರು ಹಗುರವಾದ ಕಚೇರಿ ಕೆಲಸ ಮಾಡುತ್ತಿರುವಾಗ ಅವರ ಮೈಯಿಂದ ಹೊರಡುವ ಶಾಖವನ್ನು ಅಳೆದರು. ಗಂಡಸಿನ ಅಳತೆಯ ಮೇಲೆ ನಿಂತ ವಾಡಿಕೆಯ ಬೆಲೆಯು ಹೆಂಗಸರ ನಿಜವಾದ ಬೆಲೆಗಿಂತ ನೂರಕ್ಕೆ ೩೫ರವರೆಗೆ ಹೆಚ್ಚಾಗಿರಬಹುದೆಂದು ಕಂಡುಬಂದಿತು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ದುಡಿಯುವವರು ಬೇಸಿಗೆಯ ನಡುವೆಯೂ ಹೆಗಲಿಗೆ ಶಾಲು ಹೊದ್ದು ಕುಳಿತಿರುತ್ತೇವೆಂದು ಹೇಳುವುದನ್ನು ನಾವು ಕೇಳಿದ್ದೇವೆ. ಅದಕ್ಕೆ ಇದೂ ಒಂದು ಕಾರಣವಾಗಿರಬೇಕು.

ನಮ್ಮ ಹುಡುಗಿಯ ಲೆಕ್ಕವನ್ನು ನಾವೇ ಮಾಡಬಹುದು. ೧೯೧೬ರಲ್ಲಿ ಡುಬಾಯ್ ಎಂಬ ಹೆಸರಿನ ಇಬ್ಬರು ಅಮೆರಿಕನರು ಎತ್ತರವನ್ನೂ ತೂಕವನ್ನೂ ತಿಳಿದರೆ ಮೈಯ ವಿಸ್ತೀರ್ಣವನ್ನು ಕಂಡುಹಿಡಿಯುವ ಸೂತ್ರವನ್ನು ಕೊಟ್ಟರು. ಅದು ಇಂದಿಗೂ ಬಳಕೆಯಲ್ಲಿದೆ. ೧೫೦ ಸೆಂಟಿಮೀಟರು ಎತ್ತರ, ೪೦ ಕಿಲೋಗ್ರಾಂ ತೂಕದ ಹುಡುಗಿಗೆ ೧.೩ ಚದರ ಮೀಟರು ಬರುವುದು. ಎಪ್ಪತ್ತರಿಂದ ಗುಣಿಸಿದರೆ ೯೧ ವಾಟ್. ಬೆಳೆಯುವ ಮಕ್ಕಳ ಮೈಯು ವಿಸ್ತೀರ್ಣಕ್ಕೆ ದೊಡ್ಡವರಿಗಿಂತ ತುಸು ಹೆಚ್ಚು ಶಾಖವನ್ನು ಕೊಡುವುದರಿಂದ ಈ ಅಂಕವನ್ನು ಕೂದಲೆಳೆಯಷ್ಟು ನಿಖರವೆಂದು ಹಿಡಿಯಬಾರದು. ಆದರೂ ಅನ್ನದ ಲೆಕ್ಕದಿಂದ ಬಂದ ೯೭ಕ್ಕೆ ಇದು ಎಷ್ಟು ಹತ್ತಿರದಲ್ಲಿದೆಯೆಂಬುದನ್ನು ನೋಡಿರಿ. ಆರೋಗ್ಯ ತಪಾಸಣೆಯ ದಿನ ಪ್ರತಿ ಹುಡುಗಿಯ ಎತ್ತರ ತೂಕಗಳನ್ನು ಶಾಲೆಯಲ್ಲಿ ಬರೆದಿಡುತ್ತೇವೆ. ಇಂಜಿನಿಯರರಿಗೆ ಬೇಕಾದುದು ನಮ್ಮ ಕಪಾಟಿನಲ್ಲಿಯೇ ಇದೆ.

ಇಷ್ಟರಿಂದ, ಪುಸ್ತಕವು ಶಾಖವನ್ನು ಹೆಚ್ಚಾಗಿ ಹೇಳುತ್ತದೆ, ಆದುದರಿಂದ ಯಂತ್ರವು ಅಗತ್ಯಕ್ಕಿಂತ ದೊಡ್ಡದಾಗುವುದು, ಇಷ್ಟೇ ಅಲ್ಲವೇ ಎಂದು ಯಾರಾದರೂ ಭಾವಿಸಬಹುದು. ಹಾಗಲ್ಲ. ತಲೆಯೊಂದರ ಶಾಖವನ್ನು ಹೆಚ್ಚಾಗಿ ಹಿಡಿಯುವ ಪುಸ್ತಕಗಳೇ ತಲೆಗಳ ಸಂಖ್ಯೆಯನ್ನು ತೀರ ಕಡಿಮೆಯಾಗಿ ಹಿಡಿಯುತ್ತವೆ. ಆಶ್ರೇ ಸಂಘದ ಗಾಳಿಯಾಟದ ನಿಯಮಾವಳಿಯಲ್ಲಿ, ಬೇರೆ ಸಂಖ್ಯೆ ತಿಳಿಯದಿದ್ದರೆ ಒಂಬತ್ತು ವರ್ಷಕ್ಕೆ ಮೇಲ್ಪಟ್ಟ ಮಕ್ಕಳ ತರಗತಿಗೆ ನೂರು ಚದರ ಮೀಟರಿಗೆ ೩೫ ಮಂದಿ ಎಂದು ಹಿಡಿಯಬೇಕೆಂದಿದೆ. ಎಂಟು ಮೀಟರು ಉದ್ದ ಆರು ಮೀಟರು ಅಗಲದ ಕೊಠಡಿಯಲ್ಲಿ ಆ ಲೆಕ್ಕದಂತೆ ಕುಳಿತುಕೊಳ್ಳತಕ್ಕವರು ಹದಿನೇಳು ಮಂದಿ. ಅಂಥ ಕೊಠಡಿಯಲ್ಲಿ ಐವತ್ತು ಹುಡುಗಿಯರನ್ನು ಕೂರಿಸುವ ಶಾಲೆಗಳು ನಮ್ಮ ನಾಡಿನಲ್ಲಿ ಎಷ್ಟಿವೆಯೆಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಹಲವರು ಬೆಂಚಿನ ತುದಿಯಲ್ಲಿ ಅರ್ಧ ಕುಳಿತು ಓದಿದವರೇ.

ಈಗ ಗುಣಾಕಾರವನ್ನು ನೋಡೋಣ. ಪುಸ್ತಕದ ಹದಿನೇಳು ಗಂಡಸರು ೨೧೪೨ ವಾಟ್, ಟನ್ನಿನ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಕಡಿಮೆ. ನಮ್ಮ ಐವತ್ತು ಹುಡುಗಿಯರು ೪೫೫೦ ವಾಟ್, ಒಂದೂಕಾಲು ಟನ್ನಿಗಿಂತ ಸ್ವಲ್ಪ ಹೆಚ್ಚು. ಐವತ್ತು ತಲೆಗಳನ್ನು ಸರಿಯಾಗಿ ಎಣಿಸಿ ಎಲ್ಲರನ್ನೂ ಗಂಡಸರೆಂದೇ ಭಾವಿಸಿದರೆ ೬೩೦೦ ವಾಟ್, ಸುಮಾರು ಒಂದೂಮುಕ್ಕಾಲು ಟನ್. ಒಂದೇ ಕೊಠಡಿಗೆ ಮೂರು ಉತ್ತರಗಳು. ಕೊನೆಯದು ಮೊದಲನೆಯದರ ಮೂರರಷ್ಟು. ಮೊದಲನೆಯದನ್ನು ನಂಬಿ ಯಂತ್ರವನ್ನು ಕೊಂಡರೆ ಹುಡುಗಿಯರು ಬೆವರುತ್ತ ಕುಳಿತಿರುವರು. ಕೊನೆಯದನ್ನು ನಂಬಿ ಕೊಂಡರೆ ದಾನಿಗಳ ಹಣವು ವ್ಯರ್ಥವಾಗುವುದು. ಇದರಲ್ಲಿ ಕಂಪ್ಯೂಟರಿನ ದೋಷವೇನೂ ಇಲ್ಲ. ಅದು ಕೊಟ್ಟದ್ದನ್ನು ಗುಣಿಸಿತು.

ಎಣಿಕೆಯಲ್ಲಿ ಇನ್ನೊಂದು ತೊಡಕು ಇದೆ. ಆರುನೂರು ಮಂದಿ ಹುಡುಗಿಯರು, ಹನ್ನೆರಡು ತರಗತಿಗಳು, ಒಂದು ಸಭಾಭವನ, ಒಂದು ಪ್ರಯೋಗಶಾಲೆ, ಒಂದು ವಾಚನಾಲಯ ಇರುವ ಶಾಲೆಯೊಂದನ್ನು ಭಾವಿಸಿರಿ. ಪ್ರತಿ ಕೊಠಡಿಯನ್ನೂ ಅದು ಹಿಡಿಸುವಷ್ಟು ಜನರಿಂದ ತುಂಬಿದೆಯೆಂದು ಎಣಿಸಿದರೆ ಹನ್ನೆರಡು ತರಗತಿಗಳಲ್ಲಿ ಆರುನೂರು, ಸಭಾಭವನದಲ್ಲಿ ಆರುನೂರು, ಉಳಿದೆರಡರಲ್ಲಿ ತೊಂಬತ್ತು. ಒಟ್ಟು ಸಾವಿರದ ಇನ್ನೂರ ತೊಂಬತ್ತು ಮಂದಿ ಹುಡುಗಿಯರು ಲೆಕ್ಕದೊಳಗೆ ಹುಟ್ಟಿಕೊಂಡರು! ಒಬ್ಬಳೇ ಹುಡುಗಿಯು ಒಂದೇ ಗಂಟೆಯಲ್ಲಿ ಭೂಗೋಳದ ಪಾಠವನ್ನೂ ಕೇಳುತ್ತ, ಸಭಾಭವನದಲ್ಲಿ ಹಾಡುತ್ತಲೂ ಇರುವಳೇ? ಕೊಠಡಿಯೊಂದಕ್ಕೆ ಎಷ್ಟು ದೊಡ್ಡ ಯಂತ್ರ ಬೇಕೆಂದು ನಿರ್ಧರಿಸುವಾಗ ಆ ಕೊಠಡಿಯು ತುಂಬಿರುವ ಗಳಿಗೆಯನ್ನು ನೋಡುವುದು ನ್ಯಾಯ. ಇಡೀ ಕಟ್ಟಡಕ್ಕೆ ವರ್ಷದಲ್ಲಿ ಎಷ್ಟು ವಿದ್ಯುತ್ತು ಬೇಕೆಂದು ತಿಳಿಯುವಾಗ ಹಾಗೆ ಮಾಡಬಾರದು. ಅಲ್ಲಿ ಬೇಕಾದುದು ವೇಳಾಪಟ್ಟಿ. ಒಂಬತ್ತನೆಯ ತರಗತಿಯು ಪ್ರಯೋಗಶಾಲೆಗೆ ಹೋದಾಗ ಅವರ ಕೊಠಡಿ ಬರಿದು; ಆಟದ ಬಯಲಿಗೆ ಹೋದಾಗ ಕಟ್ಟಡದಿಂದಲೇ ಅವರ ಶಾಖವನ್ನು ಕಳೆಯಬೇಕು; ಆಟದಿಂದ ಹಿಂದಿರುಗಿದ ಮೊದಲ ಹತ್ತು ನಿಮಿಷಗಳಲ್ಲಿ ಕೋಷ್ಟಕದ ಯಾವ ಅಂಕವೂ ಸಾಲದು. ಆ ಗಳಿಗೆಯಲ್ಲಿ ತರಗತಿಯ ಬಾಗಿಲಲ್ಲಿ ನಿಂತ ಉಪಾಧ್ಯಾಯಿನಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ವರ್ಷದ ಲೆಕ್ಕವೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ಸೆಕೆಯು ಅತ್ಯಧಿಕವಾಗಿರುವ ಏಪ್ರಿಲ್ ನಡುವಿನಿಂದ ಮೇ ತಿಂಗಳವರೆಗಿನ ಬಹುಭಾಗ ಶಾಲೆಗೆ ರಜೆ. ಶನಿವಾರ ಅರ್ಧ ದಿನ. ಜೋರು ಮಳೆಯ ದಿನಗಳಲ್ಲಿ ರಜೆ. ಪೇಟೆಯ ಕಚೇರಿಯ ವೇಳಾಪಟ್ಟಿಯನ್ನೇ ಶಾಲೆಗೂ ಹಾಕಿದರೆ, ಬೀಗ ಹಾಕಿದ ಕೊಠಡಿಗಳನ್ನು ಮೇ ತಿಂಗಳಿಡೀ ತಂಪುಮಾಡಿದ ಖರ್ಚು ಲೆಕ್ಕದಲ್ಲಿ ಬಂದು ಕೂರುವುದು. ಅತ್ತ ಮಾರ್ಚ್ ತಿಂಗಳ ಪರೀಕ್ಷೆಯ ಮೂರು ಗಂಟೆಗಳ ಸಂಕಟವು ಸರಾಸರಿಯೊಳಗೆ ಕರಗಿ ಕಾಣದಾಗುವುದು. ವಿದ್ಯಾರ್ಥಿನಿಲಯದ ಲೆಕ್ಕವಂತೂ ತಲೆಕೆಳಗು: ಹಗಲು ಬರಿದು, ರಾತ್ರಿ ತುಂಬಿದ್ದು. ನಿದ್ರಿಸುವ ಹುಡುಗಿಯ ಮೈಕಾವು ೫೩ ವಾಟಿಗೆ ಇಳಿಯುವುದಾದರೂ ಒಂದೇ ಮಾಡಿನ ಕೆಳಗೆ ನಲವತ್ತು ಹಾಸಿಗೆಗಳಿದ್ದರೆ ಎರಡು ಕಿಲೋವಾಟ್‌ಗಿಂತ ಹೆಚ್ಚಾಯಿತು. ಹಾಜರಿ ಪುಸ್ತಕವನ್ನು ನಾವು ಇಲಾಖೆಯ ತನಿಖೆಗಾಗಿ ಮಾತ್ರ ಬರೆಯುತ್ತೇವೆಂದು ತಿಳಿದವರುಂಟು. ಶಾಖದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣವನ್ನು ಯಾವ ಕಾರ್ಖಾನೆಯೂ ಮಾಡಿಲ್ಲ.

ಇನ್ನು ಕರಾವಳಿಯವರಾದ ನಾವು ವಿಶೇಷವಾಗಿ ಗಮನಿಸತಕ್ಕ ಮಾತು. ಮೈಯ ಶಾಖವು ಎರಡು ದಾರಿಗಳಿಂದ ಹೊರಡುತ್ತದೆ. ಒಂದು ಒಣ ಕಾವು. ಇದು ಕೊಠಡಿಯ ಗಾಳಿಯನ್ನು ಬಿಸಿಮಾಡುವುದು, ಉಷ್ಣಮಾಪಕದಲ್ಲಿ ಕಾಣುವುದು. ಇನ್ನೊಂದು ಉಸಿರು ಮತ್ತು ಬೆವರಿನ ತೇವದೊಡನೆ ಹೋಗುವ ಗುಪ್ತೋಷ್ಣ. ಇದು ಉಷ್ಣಮಾಪಕದಲ್ಲಿ ಕಾಣದು. ಕೈಪಿಡಿಯ ಕೋಷ್ಟಕವು ೨೪ ಡಿಗ್ರಿ ಉಷ್ಣತೆಯ ಕೊಠಡಿಗಾಗಿ ಬರೆದದ್ದು. ೨೭ ಡಿಗ್ರಿಯಲ್ಲಿ ಒಣ ಕಾವು ನೂರಕ್ಕೆ ಸುಮಾರು ೨೦ರಷ್ಟು ಇಳಿದು, ಅಷ್ಟನ್ನೇ ಗುಪ್ತೋಷ್ಣಕ್ಕೆ ಸೇರಿಸಬೇಕೆಂದು ಅದೇ ಹೇಳುತ್ತದೆ. ಗಾಳಿಯು ಚರ್ಮದಷ್ಟೇ ಬಿಸಿಯಾದಾಗ, ಎಂದರೆ ೩೪ ಅಥವಾ ೩೫ ಡಿಗ್ರಿಯ ಹೊತ್ತಿಗೆ, ಒಣ ಕಾವಿನ ದಾರಿಯು ಹೆಚ್ಚುಕಡಿಮೆ ಮುಚ್ಚಿಹೋಗಿ ಎಲ್ಲವೂ ಬೆವರಿನಿಂದಲೇ ಹೋಗಬೇಕಾಗುವುದು. ಹುಡುಗಿಯ ೯೧ ವಾಟಿನಲ್ಲಿ ಅರ್ಧ ಭಾಗ ತೇವವಾಗಿ ಹೋಯಿತೆಂದರೂ, ಐವತ್ತು ಮಂದಿಯಿಂದ ಗಂಟೆಗೆ ಮೂರು ಲೀಟರಿಗಿಂತ ಹೆಚ್ಚು ನೀರು ಕೊಠಡಿಯ ಗಾಳಿಯನ್ನು ಸೇರುವುದು. ಗಾಳಿಯು ಮೊದಲೇ ಸಮುದ್ರದ ತೇವದಿಂದ ತುಂಬಿರುವಲ್ಲಿ ಈ ನೀರಿಗೆ ಸ್ಥಳವೆಲ್ಲಿ? ಅಗತ್ಯಕ್ಕಿಂತ ದೊಡ್ಡದಾದ ಯಂತ್ರವು ಗಾಳಿಯನ್ನು ಬೇಗನೆ ತಣಿಸಿ ನಿಂತುಬಿಡುತ್ತದೆ; ತೇವವನ್ನು ಹಿಂಡಿ ತೆಗೆಯಲು ಅದಕ್ಕೆ ಅವಕಾಶ ಸಾಲದು. ಫಲವು ತಣ್ಣಗಿನ, ಒದ್ದೆಯಾದ ಕೊಠಡಿ. ಇತ್ತ ತಲೆಯ ಮೇಲೆ ತಿರುಗುವ ಪಂಕವು ಗಾಳಿಯನ್ನು ಒಂದು ಡಿಗ್ರಿಯೂ ತಣಿಸದಿದ್ದರೂ ಬೆವರನ್ನು ಆರಿಸಿ ಮೈಯನ್ನು ತಣಿಸುವುದು. ಉಷ್ಣಮಾಪಕವನ್ನೇ ನಂಬಿದ ಲೆಕ್ಕದಲ್ಲಿ ಪಂಕದ ಈ ಉಪಕಾರವು ಎಲ್ಲಿಯೂ ಕಾಣಿಸುವುದಿಲ್ಲ.

ಇಲ್ಲಿ ಸಮವಸ್ತ್ರದ ಮಾತನ್ನೂ ಆಡಿಬಿಡುವೆವು. ದಪ್ಪ ಬಟ್ಟೆಯ ಪಿನಫೋರ್, ಕುತ್ತಿಗೆಗೆ ಬಿಗಿದ ಟೈ, ಮೊಣಕಾಲವರೆಗಿನ ಕಾಲುಚೀಲ, ಮುಚ್ಚಿದ ಬೂಟು ಇವನ್ನು ಶಿಸ್ತಿನ ಲಕ್ಷಣವೆಂದು ಎಷ್ಟೋ ತಂದೆತಾಯಂದಿರು ಬಹಳ ಆಸೆಯಿಂದ ಕೇಳುತ್ತಾರೆ. ಮೈಯು ಹುಟ್ಟಿಸುವ ಶಾಖವು ಬಟ್ಟೆಯಿಂದ ಕಡಿಮೆಯಾಗದು. ಅದು ಹೊರಡುವ ದಾರಿಯು ಮಾತ್ರ ಕಟ್ಟುವುದು. ಲಕ್ಷಗಟ್ಟಲೆ ರೂಪಾಯಿಯ ಯಂತ್ರವನ್ನು ಹಾಕಿಸುವ ಮೊದಲು ಟೈಯನ್ನು ಬಿಚ್ಚಬಹುದು.

ಮಕ್ಕಳ ಮೈಕಾವನ್ನೇ ನಂಬಿ ಕಟ್ಟಿದ ಶಾಲೆಯೊಂದು ನಿಜವಾಗಿಯೂ ಇದೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ಎದುರಾಗಿ ಮರ್ಸಿ ನದಿಯ ಆಚೆಯ ದಡದಲ್ಲಿರುವ ವಾಲಸಿ ಎಂಬ ಊರಿನಲ್ಲಿ, ಎಮ್ಸ್ಲಿ ಮಾರ್ಗನ್ ಎಂಬ ವಾಸ್ತುಶಿಲ್ಪಿಯು ೧೯೬೧ರಲ್ಲಿ ಸೇಂಟ್ ಜಾರ್ಜ್ ಶಾಲೆಯ ಕಟ್ಟಡವನ್ನು ಕಟ್ಟಿದನು. ದಕ್ಷಿಣಕ್ಕೆ ಗಾಜಿನ ಎರಡು ಪದರಗಳ ದೊಡ್ಡ ಗೋಡೆ; ಉಳಿದ ಕಡೆಗಳಲ್ಲಿ ದಪ್ಪ ಗೋಡೆ, ಭಾರವಾದ ಕಾಂಕ್ರೀಟು. ಬಿಸಿಲು, ವಿದ್ಯುದ್ದೀಪಗಳು, ಮಕ್ಕಳು, ಈ ಮೂರರ ಶಾಖದಿಂದಲೇ ಇಂಗ್ಲೆಂಡಿನ ಚಳಿಗಾಲವನ್ನು ಕಳೆಯುವುದೆಂದು ಅವನ ಯೋಜನೆ. ಅಧಿಕಾರಿಗಳು ನಂಬದೆ ವಾಡಿಕೆಯಂತೆ ಬಿಸಿನೀರಿನ ಕೊಳವೆಗಳ ವ್ಯವಸ್ಥೆಯನ್ನೂ ಹಾಕಿಸಿದ್ದರು. ಅದರ ಅಗತ್ಯ ಬೀಳದೆ ಮುಂದೆ ಅದನ್ನು ತೆಗೆದುಹಾಕಲಾಯಿತು. ಮಕ್ಕಳನ್ನು ಸರಿಯಾಗಿ ಎಣಿಸಿದವನಿಗೆ ದೊರೆತ ಫಲವಿದು. ಆದರೆ ಆ ಕಾವನ್ನು ಕಾಪಾಡುವುದಕ್ಕಾಗಿ ಚಳಿಗಾಲದಲ್ಲಿ ಕಿಟಕಿಗಳನ್ನು ಮುಚ್ಚಿಡಬೇಕಾಗಿ, ಕೊಠಡಿಯ ಗಾಳಿಯು ಹಳಸಿದ ವಾಸನೆಯುಳ್ಳದ್ದಾಗುತ್ತಿತ್ತೆಂಬ ದೂರು ಸಹ ಬಂದಿತು.

ಈ ದೂರು ನಮಗೂ ಸಲ್ಲುವುದು, ಬೇರೊಂದು ದಾರಿಯಿಂದ. ಮನುಷ್ಯನು ಶಾಖದೊಡನೆ ಇಂಗಾಲಾಮ್ಲವನ್ನೂ ಬಿಡುತ್ತಾನೆ. ಎರಡೂ ಒಂದೇ ಒಲೆಯ ಉತ್ಪನ್ನಗಳು. ಮನೆಗಳಲ್ಲಿ ಈ ಅನಿಲವು ಸಾವಿರಕ್ಕೆ ಒಂದು ಪಾಲನ್ನು ಮೀರಬಾರದೆಂದು ಜರ್ಮನಿಯ ಪೆಟೆನ್‌ಕೋಫರ್ ಎಂಬ ಆರೋಗ್ಯಶಾಸ್ತ್ರಜ್ಞರು ೧೮೫೮ರಲ್ಲಿಯೇ ಹೇಳಿದ್ದರು. ನಾವು ಮೇಲೆ ಹೇಳಿದ ಕೊಠಡಿಯಲ್ಲಿ ಐವತ್ತು ಹುಡುಗಿಯರನ್ನು ಕೂರಿಸಿ, ಸಂದಿಲ್ಲದಂತೆ ಎಲ್ಲವನ್ನೂ ಮುಚ್ಚಿದರೆ ಹತ್ತು ನಿಮಿಷದೊಳಗೆ ಆ ಮಿತಿಯು ದಾಟಿಹೋಗುವುದು. ಗೋಡೆಗೆ ತಗಲಿಸುವ ಸಾಮಾನ್ಯ ಹವಾನಿಯಂತ್ರಣ ಯಂತ್ರವು ಹೊರಗಿನ ಗಾಳಿಯನ್ನು ಒಳಕ್ಕೆ ತರುವುದೇ ಇಲ್ಲವೆಂಬುದು ಬಹುಮಂದಿಗೆ ತಿಳಿಯದು. ಅದು ಒಳಗಿನ ಗಾಳಿಯನ್ನೇ ತಿರುತಿರುಗಿ ತಣಿಸುವುದು. ಹೊಸ ಗಾಳಿಯನ್ನು ತರಬೇಕಾದರೆ ಅದನ್ನೂ ತಣಿಸಬೇಕು, ಅದರ ತೇವವನ್ನೂ ಹಿಂಡಬೇಕು, ವೆಚ್ಚವು ಏರುವುದು. ಅಗ್ಗದ ಬೆಲೆಪಟ್ಟಿಯನ್ನು ತೋರಿಸುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ನಮ್ಮ ಹಿರಿಯರು ಕಟ್ಟಿದ ಹಳೆಯ ಕಟ್ಟಡದಲ್ಲಿ ಎತ್ತರವಾದ ಹಂಚಿನ ಮಾಡು ಇದೆ. ಮಂಗಳೂರಿನ ಜೆಪ್ಪುವಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಇಂಥ ಮಾಡುಗಳು ಕರಾವಳಿಯಲ್ಲೆಲ್ಲ ಬಂದವು. ಕುಳಿತಿರುವ ಪ್ರತಿಯೊಬ್ಬ ಮನುಷ್ಯನ ಸುತ್ತಲೂ ಅವನ ಮೈಕಾವಿನಿಂದ ಬೆಚ್ಚಗಾದ ಗಾಳಿಯು ಕಣ್ಣಿಗೆ ಕಾಣದ ಹೊಗೆಯಂತೆ ಮೇಲೇರುತ್ತಿರುತ್ತದೆ. ಅದು ಮಾಡಿನ ಎತ್ತರದಲ್ಲಿ ಸೇರಿ ಹಂಚುಗಳ ಸಂದುಗಳಿಂದ ಹೊರಟುಹೋಗುವುದು. ಕೆಳಗಿನ ಕಿಟಕಿಗಳಿಂದ ಬೇರೆ ಗಾಳಿಯು ಒಳಬರುವುದು. ಈ ಕೆಲಸಕ್ಕೆ ವಿದ್ಯುತ್ತಿನ ಬಿಲ್ಲು ಬರುವುದಿಲ್ಲ. ಹಳೆಯದೆಲ್ಲ ಒಳ್ಳೆಯದೆಂಬ ಹಟ ನಮಗಿಲ್ಲ. ಮಳೆಗಾಲದಲ್ಲಿ ಅದೇ ಮಾಡು ಎಷ್ಟು ಕಡೆ ಸೋರುವುದೆಂಬುದನ್ನು ಬಕೆಟ್ಟು ಇಟ್ಟ ನಾವೇ ಬಲ್ಲೆವು. ಆದರೆ ತಗ್ಗಾದ 'ಟೆರೇಸು' ಮಾಡಿನ ಕೆಳಗೆ, ಮೇಲೆ ಒಂದು ಗವಾಕ್ಷವೂ ಇಲ್ಲದೆ, ಐವತ್ತು ಒಲೆಗಳನ್ನು ಇಡುವ ನಕ್ಷೆಗೆ ನಾವು ಒಪ್ಪಲಾರೆವು.

ನಮ್ಮ ಜನರ ಮೈಯು ತನ್ನ ಊರಿನ ಹವೆಗೆ ಹೊಂದಿಕೊಂಡಿದೆಯೆಂಬುದನ್ನೂ ಮರೆಯಬಾರದು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರೂ ಸೇರಿದಂತೆ ದೇಶದ ಐದು ಹವಾಮಾನ ವಲಯಗಳ ಕಚೇರಿಗಳಲ್ಲಿ ಕೆಲಸಗಾರರನ್ನು ವಿಚಾರಿಸಿ ೨೦೧೪ರಲ್ಲಿ ಹೊರಪಡಿಸಿದ ಅಧ್ಯಯನದಲ್ಲಿ, ಕಿಟಕಿ ತೆರೆದಿರುವ ಕಟ್ಟಡಗಳಲ್ಲಿ ನಮ್ಮವರು ಪಾಶ್ಚಾತ್ಯರ ಮಾನದಂಡಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿಯೂ ಹಿತವಾಗಿರುವರೆಂದು ಕಂಡುಬಂದಿತು. ಎಲ್ಲ ತಿಂಗಳುಗಳಲ್ಲಿಯೂ ೨೪ ಡಿಗ್ರಿಯೇ ಬೇಕೆಂದು ಲೆಕ್ಕ ಹಾಕಿದರೆ ಯಾರೂ ಕೇಳದಿದ್ದ ಚಳಿಗೆ ಹಣ ತೆತ್ತಂತಾಗುವುದು.

ಬೇರೆ ಶಾಲೆಗಳಲ್ಲಿ ಎಲ್ಲ ಕೊಠಡಿಗಳಿಗೂ ಯಂತ್ರವಿದೆ, ನಮ್ಮಲ್ಲಿ ಇಲ್ಲದಿದ್ದರೆ ಮಕ್ಕಳು ಬರುವರೇ ಎಂದು ಕೇಳುವ ಪೋಷಕರ ಆತಂಕವು ನಮಗೆ ಅರ್ಥವಾಗುತ್ತದೆ. ಯಂತ್ರವನ್ನು ಒಮ್ಮೆ ಯಾರಾದರೂ ದಾನವಾಗಿ ಕೊಡಬಹುದು. ತಿಂಗಳು ತಿಂಗಳು ಬರುವ ವಿದ್ಯುತ್ತಿನ ಬಿಲ್ಲನ್ನು ದಾನ ಕೊಡುವವರಿಲ್ಲ. ಅದು ಶುಲ್ಕದೊಳಗೆ ಸೇರುವುದು. ಶುಲ್ಕ ಏರಿದಾಗ ಮೊದಲು ಶಾಲೆ ಬಿಡುವವಳು ಯಾರ ಮಗಳೆಂಬುದನ್ನು ಇಷ್ಟು ವರ್ಷ ಪ್ರವೇಶ ಪುಸ್ತಕವನ್ನು ನೋಡಿಕೊಂಡು ಬಂದ ನಾವು ಚೆನ್ನಾಗಿ ಬಲ್ಲೆವು. ಬೀಡಿ ಕಟ್ಟುವ ತಾಯಿಯ ಮಗಳು, ಮೀನುಗಾರನ ಮಗಳು ಈ ಶಾಲೆಯಲ್ಲಿ ಓದಬೇಕೆಂಬುದೇ ಇದನ್ನು ಕಟ್ಟಿದವರ ಉದ್ದೇಶವಾಗಿತ್ತು. ಒಂದು ಕೋಷ್ಟಕದ ಅಂಕವು ತಪ್ಪಾದುದರಿಂದ ಅವಳು ಹೊರಗುಳಿಯಬೇಕಾಗಿ ಬರಬಾರದು.

ಆದುದರಿಂದ ಆಡಳಿತ ಮಂಡಳಿಯವರಲ್ಲಿ ನಮ್ಮ ವಿಜ್ಞಾಪನೆಯಿದು. ಕಂಪ್ಯೂಟರುಗಳ ಕೊಠಡಿಗೆ ಯಂತ್ರವಿರಲಿ. ಸಭಾಭವನದ ವಿಷಯವನ್ನು, ಅದು ವರ್ಷದಲ್ಲಿ ಎಷ್ಟು ಗಂಟೆ ತುಂಬಿರುವುದೆಂದು ನೋಡಿ ತೀರ್ಮಾನಿಸಲಿ. ತರಗತಿಗಳಿಗಾದರೋ ಎತ್ತರವಾದ ಮಾಡು, ಎದುರುಬದುರು ಕಿಟಕಿ, ಮೇಲುಗಡೆ ಗವಾಕ್ಷ, ಸಾಕಷ್ಟು ಪಂಕಗಳು, ಪಶ್ಚಿಮಕ್ಕೆ ನೆರಳು ಇರಲಿ. ಕೊಠಡಿಗೆ ಐವತ್ತರ ಬದಲು ನಲವತ್ತು ಮಂದಿ ಕುಳಿತುಕೊಳ್ಳುವಂತೆ ಒಂದೆರಡು ಕೊಠಡಿ ಹೆಚ್ಚು ಕಟ್ಟಿಸಲಿ. ಹತ್ತು ಹುಡುಗಿಯರು ಕಡಿಮೆಯಾದರೆ ೯೧೦ ವಾಟ್ ಶಾಖವು ಯಂತ್ರವಿಲ್ಲದೆಯೇ ಇಳಿಯಿತು. ಅದರೊಡನೆ ಉಪಾಧ್ಯಾಯಿನಿಗೆ ಪ್ರತಿ ಹುಡುಗಿಯ ಮುಖವನ್ನು ನೋಡುವ ಅವಕಾಶವೂ ಆಯಿತು. ನಕ್ಷೆಯನ್ನು ಒಪ್ಪಿಕೊಳ್ಳುವ ಮುನ್ನ, 'ಜನರು' ಎಂಬ ಸಾಲನ್ನು ಶಾಲೆಯಿಂದ ಕೇಳಿ ತುಂಬಿದ ಲೆಕ್ಕವನ್ನೇ ಇಂಜಿನಿಯರರು ತರಬೇಕೆಂದು ಅಪ್ಪಣೆ ಮಾಡಲಿ.

ಒಂಬತ್ತನೆಯ ತರಗತಿಯ ಹುಡುಗಿಯರು ತಮ್ಮ ವಿಜ್ಞಾನದ ಉಪಾಧ್ಯಾಯಿನಿಯೊಡನೆ ಬರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹಳೆಯ ಕಟ್ಟಡದ ಎರಡು ಕೊಠಡಿಗಳಲ್ಲಿ, ಒಂದು ಹಂಚಿನ ಮಾಡಿನದು, ಒಂದು ಟೆರೇಸಿನದು, ಗಂಟೆಗೊಮ್ಮೆ ಒಣ ಮತ್ತು ತೇವದ ಉಷ್ಣಮಾಪಕಗಳನ್ನು ನೋಡಿ, ಒಳಗಿರುವ ತಲೆಗಳನ್ನು ಎಣಿಸಿ ಬರೆಯುವರು. ಪೂರ್ವ ವಿದ್ಯಾರ್ಥಿನಿಯರಲ್ಲಿ ಇಂಜಿನಿಯರಿಂಗ್ ಕಲಿತವರು ಹಲವರಿದ್ದಾರೆ. ಅವರು ಬಂದು ಈ ಅಂಕಗಳನ್ನು ಪರೀಕ್ಷಿಸಿ ಲೆಕ್ಕವನ್ನು ಹೊಸದಾಗಿ ಹಾಕಿಕೊಟ್ಟರೆ ದೊಡ್ಡ ಉಪಕಾರವಾಗುವುದು. ಕಳೆದ ಮೂರು ವರ್ಷಗಳ ಹಾಜರಿ ಪುಸ್ತಕಗಳನ್ನೂ ವೇಳಾಪಟ್ಟಿಗಳನ್ನೂ ಕಚೇರಿಯಲ್ಲಿ ತೆಗೆದಿರಿಸಿದ್ದೇವೆ. ಯಾವ ಶನಿವಾರವಾದರೂ ಮಧ್ಯಾಹ್ನ ಎರಡು ಗಂಟೆಯ ಮೇಲೆ ನೋಡಬಹುದು.